ರೋಬಾಟು ಕುಣಿಯುವುದು ಯಾರ ತಾಳಕ್ಕೆ?

ರಜೆ ಬಂತೆಂದರೆ ದೇವದುರ್ಗವಿರಲಿ, ಮಾನ್ವಿಯಿರಲಿ, ಮನೆಮನೆಯಲ್ಲೂ ಒಂದೇ ಜಗಳ. ಮಗನ ಕೈಯಲ್ಲಿ ವಿಡಿಯೋ ಗೇಮ್, ತಾಯಿಯ ಬಾಯಲ್ಲಿ ಬೈಗುಳ. ಬಯಲಿನಲ್ಲಿ ಚಿಣ್ಣಿದಾಂಡು, ಲಗೋರಿ ಆಡಿ ಬೆಳೆದ ತಂದೆಗೆ ಪರದೆಯೊಳಗೆ ಜಿಗಿಯುವ ಗೊಂಬೆಯಲ್ಲಿ ಅಂಥದೇನಿದೆ ಎಂಬುದೇ ಅರ್ಥವಾಗದು. ಆದರೆ ಅದರೊಳಗೆ ವಿಜ್ಞಾನದ ಪಾಠವೂ ಇದೆ, ಗಣಿತವೂ ಇದೆ. ಅದನ್ನು ಬಿಡಿಸಿ ನೋಡಲು ಇಂದಿನ ಝಗಮಗಿಸುವ ಆಟಗಳಿಗಿಂತ ಹಳೆಯದೊಂದು ಆಟವೇ ಅನುಕೂಲ.

ಆ ಆಟದ ಹೆಸರು ರಾಕ್‌ಮ್ಯಾನ್. ಜಪಾನಿನ ಕ್ಯಾಪ್‌ಕಾಮ್ ಕಂಪೆನಿ 1987ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು. ಅಮೆರಿಕದಲ್ಲಿ ಇದಕ್ಕೆ ಮೆಗಾಮ್ಯಾನ್ ಎಂಬ ಹೆಸರಾಯಿತು. ಕಥೆ ಸರಳವಾದದ್ದು. ಡಾ. ಲೈಟ್ ಎಂಬ ವಿಜ್ಞಾನಿ ಜನರ ದುಡಿಮೆಯನ್ನು ಹಗುರ ಮಾಡಲೆಂದು ಆರು ಯಂತ್ರಮಾನವರನ್ನು ತಯಾರಿಸುತ್ತಾನೆ. ಕಟ್‌ಮ್ಯಾನ್ ಮರ ಕಡಿಯುವವನು, ಗಟ್ಸ್‌ಮ್ಯಾನ್ ಬಂಡೆ ಎತ್ತಿ ನೆಲ ಹಸನು ಮಾಡುವವನು, ಬಾಂಬ್‌ಮ್ಯಾನ್ ಸಿಡಿಮದ್ದಿನಿಂದ ನೆಲ ತೆರವು ಮಾಡುವವನು. ಐಸ್‌ಮ್ಯಾನ್ ಕೊರೆಯುವ ಚಳಿಯಲ್ಲಿ ದುಡಿದರೆ, ಫೈರ್‌ಮ್ಯಾನ್ ಕಸ ಸುಡುತ್ತಾನೆ, ಎಲೆಕ್‌ಮ್ಯಾನ್ ವಿದ್ಯುತ್ ಸ್ಥಾವರ ನೋಡಿಕೊಳ್ಳುತ್ತಾನೆ. ಡಾ. ವೈಲಿ ಎಂಬ ಇನ್ನೊಬ್ಬ ವಿಜ್ಞಾನಿ ಇವರಿಗೆ ಕೊಟ್ಟ ಆಜ್ಞೆಗಳನ್ನೇ ಬದಲಿಸಿ ಜನರ ಮೇಲೆ ಛೂ ಬಿಡುತ್ತಾನೆ. ಆಗ ಮನೆಗೆಲಸದ ಪುಟ್ಟ ರೋಬಾಟು ರಾಕ್ ತಾನಾಗಿಯೇ ಮುಂದೆ ಬಂದು, ಹೋರಾಡುವ ರೋಬಾಟಾಗಿ ಮಾರ್ಪಡುತ್ತಾನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆರು ಮಂದಿಯೂ ಹುಟ್ಟಿದ್ದು ಕೆಲಸಕ್ಕಾಗಿ. ಅವರ ಕತ್ತರಿ, ಬೆಂಕಿ, ಸಿಡಿಮದ್ದು ಯಾವುದೂ ಬದಲಾಗಲಿಲ್ಲ. ಬದಲಾದದ್ದು ಅವರೊಳಗೆ ಬರೆದ ಆಜ್ಞೆ ಮಾತ್ರ. ಯಂತ್ರ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬರೆದವನ ಬುದ್ಧಿ ಎಂಥದೋ ಯಂತ್ರದ ನಡತೆ ಅಂಥದು.

ಆರು ಮಂದಿಯನ್ನು ಗೆಲ್ಲುವುದು ಹೇಗೆ? ಒಬ್ಬನನ್ನು ಸೋಲಿಸಿದರೆ ಅವನ ಆಯುಧ ರಾಕ್‌ನ ಕೈ ಸೇರುತ್ತದೆ. ಆ ಆಯುಧಕ್ಕೆ ಇನ್ನೊಬ್ಬ ಬೆದರುತ್ತಾನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ಉಪಾಯಕ್ಕೆ ಕಲ್ಲು, ಕಾಗದ, ಕತ್ತರಿ ಎಂಬ ಮಕ್ಕಳ ಕೈಯಾಟವೇ ಮೂಲ. ಸಿಡಿಮದ್ದಿಗೆ ಬಂಡೆ ಒಡೆಯುತ್ತದೆ, ಬಂಡೆಗೆ ಕತ್ತರಿ ಮುರಿಯುತ್ತದೆ, ಕತ್ತರಿ ವಿದ್ಯುತ್ ತಂತಿಯನ್ನು ಕತ್ತರಿಸುತ್ತದೆ. ವಿದ್ಯುತ್ತಿಗೆ ಹಿಮ ಸೋಲುತ್ತದೆ, ಹಿಮಕ್ಕೆ ಬೆಂಕಿ ಆರುತ್ತದೆ, ಬೆಂಕಿಗೆ ಸಿಡಿಮದ್ದು ಸಿಡಿಯುತ್ತದೆ. ಬಳೆಯಂತೆ ಸುತ್ತಿ ಬರುವ ಈ ಸಾಲಿನಲ್ಲಿ ಎಲ್ಲರಿಗಿಂತ ಬಲಶಾಲಿ ಎಂಬವನೇ ಇಲ್ಲ. ಯಾವ ಕಡೆಯಿಂದ ಆರಂಭಿಸಬೇಕೆಂದು ಕಂಡುಕೊಳ್ಳುವುದೇ ಆಟಗಾರನ ಜಾಣತನ.

ಇನ್ನೂ ಮುಖ್ಯವಾದದ್ದು ನೋಡುವ ತಾಳ್ಮೆ. ಗಟ್ಸ್‌ಮ್ಯಾನ್ ನೆಲಕ್ಕೆ ಧುಮುಕಿದಾಗ ಭೂಮಿ ನಡುಗಿ, ನೆಲದ ಮೇಲಿರುವ ರಾಕ್ ಅಲುಗಾಡದಂತಾಗುತ್ತಾನೆ. ಅದೇ ಗಳಿಗೆಗೆ ಸರಿಯಾಗಿ ಮೇಲಕ್ಕೆ ಜಿಗಿದವನಿಗೆ ಏನೂ ಆಗದು. ಇನ್ನೊಂದೆಡೆ ಕಲ್ಲಿನ ಚೌಕಗಳು ಗಾಳಿಯಲ್ಲಿ ಮೂಡಿ ಮಾಯವಾಗುತ್ತವೆ. ಅವಸರದಿಂದ ಜಿಗಿದವನು ಬೀಳುತ್ತಾನೆ. ನಿಂತು ಒಂದು ಸುತ್ತು ನೋಡಿದವನಿಗೆ ಅವು ಪ್ರತಿ ಸಲವೂ ಅದೇ ಕ್ರಮದಲ್ಲಿ, ಅಷ್ಟೇ ಅಂತರದಲ್ಲಿ ಬರುತ್ತವೆಂದು ತಿಳಿಯುತ್ತದೆ. ನೋಡು, ಊಹಿಸು, ಪರೀಕ್ಷಿಸು, ತಪ್ಪಿದರೆ ತಿದ್ದಿಕೋ. ಪ್ರಯೋಗಶಾಲೆಯಲ್ಲಿ ಕಲಿಸುವುದೂ ಇದನ್ನೇ ಅಲ್ಲವೇ?

ಇಷ್ಟೆಲ್ಲ ನಡೆಯುತ್ತಿದ್ದದ್ದು ಯಾವ ಯಂತ್ರದಲ್ಲಿ? ನಿಂಟೆಂಡೊ ಕಂಪೆನಿ 1983ರಲ್ಲಿ ಜಪಾನಿನ ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯಲ್ಲಿ. 1990ರ ದಶಕದಲ್ಲಿ ಭಾರತದ ಪಟ್ಟಣಗಳಿಗೆ ಬಂದ, ಟಿವಿಗೆ ಜೋಡಿಸುವ ಅಗ್ಗದ ಗೇಮ್ ಪೆಟ್ಟಿಗೆಗಳಲ್ಲಿ ಅನೇಕವು ಇದರ ಅನುಕರಣೆಗಳೇ. ಇದರ ಮಿದುಳಿಗೆ ಸೆಕೆಂಡಿಗೆ ಸುಮಾರು 18 ಲಕ್ಷ ಮಿಡಿತ. ಕೆಲಸದ ನೆನಪಿನ ಶಕ್ತಿ 2 ಕಿಲೋಬೈಟ್, ಅಂದರೆ 2,048 ಬೈಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಬೇಕು. ಆ ಲೆಕ್ಕದಲ್ಲಿ ಈ ಲೇಖನದ ಅರ್ಧದಷ್ಟು ಅಕ್ಷರಗಳೂ ಅದರಲ್ಲಿ ಹಿಡಿಸವು! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿದವರು ಈ ಆಟ ಬರೆದವರು.

ಉದಾಹರಣೆಗೆ, ರಾಕ್ ಓಡುವುದನ್ನೇ ನೋಡಿ. ಅವನು ಹೆಚ್ಚಾಗಿ ಪರದೆಯ ನಡುವೆಯೇ ಇರುತ್ತಾನೆ, ಹಿಂದಿನ ಚಿತ್ರ ಮಾತ್ರ ಎದುರು ದಿಕ್ಕಿಗೆ ಸರಿಯುತ್ತದೆ. ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಬರುವ ಬಸ್ಸಿನ ಕಿಟಕಿಯಲ್ಲಿ ಕುಳಿತವರಿಗೆ ಹತ್ತಿಯ ಹೊಲಗಳು ಹಿಂದಕ್ಕೆ ಓಡಿದಂತೆ ಕಾಣುವುದಿಲ್ಲವೇ? ಇದೂ ಅದೇ ಸಾಪೇಕ್ಷ ಚಲನೆ. ಪೆಟ್ಟಿಗೆಯು ಪ್ರತಿ ಸಲ ಇಡೀ ಚಿತ್ರವನ್ನು ಹೊಸದಾಗಿ ಬರೆಯುವುದಿಲ್ಲ. ಇದ್ದ ಚಿತ್ರವನ್ನು ಸ್ವಲ್ಪ ಸರಿಸಿ, ಮುಂದೆ ಕಾಣಬೇಕಾದ ಒಂದು ಪಟ್ಟಿಯನ್ನಷ್ಟೇ ಹೊಸದಾಗಿ ತುಂಬುತ್ತದೆ. ಚಲಿಸುವ ಗೊಂಬೆಯ ತುಣುಕುಗಳಿಗೂ ಮಿತಿಯಿದೆ. ಪರದೆಯ ಒಂದು ಅಡ್ಡಗೆರೆಯ ಮೇಲೆ 8 ತುಣುಕುಗಳಿಗೆ ಮಾತ್ರ ಜಾಗ. ಶತ್ರುಗಳು ಹೆಚ್ಚಾದಾಗ ಗೊಂಬೆಗಳು ಮಿಣಮಿಣ ಎನ್ನುತ್ತಿದ್ದದ್ದು ಈ ಕಾರಣಕ್ಕೆ.

ಆಟ ರಂಗೇರಿದಾಗಲೇ ಕರೆಂಟು ಹೋಗುವ ಸಂಕಟ ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಇದೇ ಜಿಲ್ಲೆಯಲ್ಲಿದ್ದರೂ, ದೀಪದ ಬುಡದಲ್ಲೇ ಕತ್ತಲು. ಕರೆಂಟು ಬಂದ ಮೇಲೆ ಆಟ ಮತ್ತೆ ಮೊದಲಿನಿಂದ! ಏಕೆ? ಕ್ಯಾಸೆಟ್ಟಿನೊಳಗಿನ ನೆನಪು ಅಚ್ಚಾದ ಪಠ್ಯಪುಸ್ತಕದಂತೆ, ಅಳಿಯದು. ಪೆಟ್ಟಿಗೆಯ ಕೆಲಸದ ನೆನಪು ಪಾಟಿಯಂತೆ, ವಿದ್ಯುತ್ ನಿಂತೊಡನೆ ಅಳಿದುಹೋಗುತ್ತದೆ. ಎಷ್ಟು ಮಂದಿಯನ್ನು ಗೆದ್ದಿದ್ದೀರಿ ಎಂಬುದು ಇದ್ದದ್ದು ಪಾಟಿಯ ಮೇಲೆ.

1988ರ ಡಿಸೆಂಬರಿನಲ್ಲಿ ಬಂದ ಎರಡನೆಯ ಭಾಗದಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವಿತ್ತು. ಆಟ ನಿಲ್ಲಿಸುವಾಗ 25 ಮನೆಗಳ ಚೌಕದಲ್ಲಿ 9 ಚುಕ್ಕಿಗಳು ಕಾಣಿಸುತ್ತಿದ್ದವು. ಅವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು, ಮರುದಿನ ಹಾಗೆಯೇ ತುಂಬಿದರೆ ಬಿಟ್ಟಲ್ಲಿಂದ ಆಟ ಮುಂದುವರಿಯುತ್ತಿತ್ತು. ಈ ಭಾಗದಲ್ಲಿ ಶತ್ರುಗಳು 8 ಮಂದಿ. ಪ್ರತಿಯೊಬ್ಬನಿಗೂ ಒಂದು ಚುಕ್ಕಿ. ಅದು ಈ ಮನೆಯಲ್ಲಿದ್ದರೆ ಸೋತಿದ್ದಾನೆ, ಆ ಮನೆಯಲ್ಲಿದ್ದರೆ ಸೋತಿಲ್ಲ. ಉಳಿದ ಒಂದು ಚುಕ್ಕಿ ರಾಕ್‌ನ ಬಳಿ ಎಷ್ಟು ಶಕ್ತಿಯ ಡಬ್ಬಿಗಳಿವೆ ಎಂದು ಹೇಳುತ್ತದೆ. ಎಂಟು ಸಲ ಹೌದು ಅಥವಾ ಅಲ್ಲ ಎಂದರೆ 2ರ ಘಾತ 8, ಅಂದರೆ 256 ಸ್ಥಿತಿಗಳು. ಯಂತ್ರ ಮರೆಯುವುದನ್ನು ಕಾಗದ ನೆನಪಿಡುತ್ತಿತ್ತು.

ಹಾಗಾದರೆ ಮಕ್ಕಳು ದಿನವಿಡೀ ಆಡುತ್ತಿರಲಿ ಎಂದೇ? ಖಂಡಿತ ಅಲ್ಲ. ಕಣ್ಣಿಗೆ ವಿಶ್ರಾಂತಿ ಬೇಕು, ಮೈಗೆ ಬಯಲು ಬೇಕು, ಪಾಠಕ್ಕೆ ಸಮಯ ಬೇಕು. ಆದರೆ ಪೆಟ್ಟಿಗೆಯನ್ನು ಕಸಿದು ಅಟ್ಟದ ಮೇಲಿಟ್ಟ ಮಾತ್ರಕ್ಕೆ ತಂದೆತಾಯಿಯ ಕೆಲಸ ಮುಗಿಯಲಿಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, "ಇದು ಹೀಗೇಕೆ ಆಗುತ್ತದೆ?" ಎಂದು ಕೇಳಿದರೆ ಆಡುವ ಹುಡುಗ ಯೋಚಿಸುವ ಹುಡುಗನಾಗುತ್ತಾನೆ.

ಇದು ಬರೀ ಆಟದ ಮಾತಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿಯ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರಗಳು ಓಡಾಡುತ್ತಿವೆ. ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಇನ್ನೂ ಕೈಗಳದ್ದೇ. ಆ ದಿನಗಳಲ್ಲಿ ಶಾಲೆಯ ಹಾಜರಿ ಕಡಿಮೆಯಾಗುವುದು ಈ ಭಾಗದ ಅಧ್ಯಾಪಕರಿಗೆಲ್ಲ ಗೊತ್ತು, ಏಕೆಂದರೆ ಆ ಕೈಗಳಲ್ಲಿ ಕೆಲವು ಮಕ್ಕಳವು. ನಾಳೆ ಆ ಹೊಲಕ್ಕೂ ಯಂತ್ರ ಬಂದೀತು. ಅದು ಮಗುವಿನ ಬೆನ್ನಿನ ಹೊರೆ ಇಳಿಸಿ ಶಾಲೆಗೆ ಕಳಿಸುವುದೋ, ಮನೆಯ ಕೂಲಿಯನ್ನೇ ಕಿತ್ತುಕೊಳ್ಳುವುದೋ? ಡಾ. ಲೈಟ್‌ನ ಯಂತ್ರವೇ ಡಾ. ವೈಲಿಯ ಯಂತ್ರವೂ ಆದದ್ದನ್ನು ಇಲ್ಲಿ ನೆನೆಯಬೇಕು. ಯಂತ್ರದೊಳಗಿನ ನಿಯಮವನ್ನು ಓದಬಲ್ಲವರು, ತಿದ್ದಬಲ್ಲವರು ಈ ನೆಲದ ಮಕ್ಕಳಲ್ಲೂ ಇದ್ದರೆ, ಆ ತೀರ್ಮಾನದಲ್ಲಿ ಅವರದೂ ಒಂದು ಮಾತು ಇರುತ್ತದೆ.

ಆರಂಭಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ವಿದ್ಯಾರ್ಥಿಗಳು ಗ್ರಾಫ್ ಹಾಳೆಯ ಮೇಲೆ ಅಡ್ಡ 8, ಉದ್ದ 8, ಒಟ್ಟು 64 ಮನೆ ಗುರುತಿಸಿಕೊಳ್ಳಲಿ. ಫ್ಯಾಮಿಕಾಮ್‌ನ ಗೊಂಬೆಯ ತುಣುಕಿನ ಅಳತೆಯೂ ಇಷ್ಟೇ, ಅದಕ್ಕೆ ಮೂರೇ ಬಣ್ಣ. ಖಾಲಿ ಮನೆಗೆ 00, ಮೂರು ಬಣ್ಣಗಳಿಗೆ 01, 10, 11 ಎಂದು ಹೆಸರಿಟ್ಟು ಒಂದು ಮುಖವನ್ನು ತುಂಬಲಿ. ಒಂದು ಮನೆಗೆ 2 ಬಿಟ್‌ನಂತೆ ಒಟ್ಟು 128 ಬಿಟ್, ಅಂದರೆ 16 ಬೈಟ್. ಬಳಿಕ ಚಿತ್ರವನ್ನು ಮುಚ್ಚಿಟ್ಟು ಅಂಕಿಗಳನ್ನು ಮಾತ್ರ ಗೆಳೆಯನಿಗೋ ಗೆಳತಿಗೋ ಕೊಡಲಿ. ಅವರು ಬರೆದ ಹಾಳೆಯಲ್ಲೂ ಅದೇ ಮುಖ ಮೂಡಿದರೆ, ಯಂತ್ರಕ್ಕೆ ಅರ್ಥವಾಗುವ ಮೊದಲ ಆಜ್ಞೆಯನ್ನು ಬರೆದಂತಾಯಿತು.