ಕ್ರ್ಯಾಶ್ ಆದ ತಂತ್ರಾಂಶದ ದೂರು ಸರಿಯಾದ ಕಡೆ ಮುಟ್ಟಲಿ

ಉಬುಂಟು, ಡೆಬಿಯನ್ ಹಾಕಿಕೊಂಡ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಬರೆಯುವ ಶಿಕ್ಷಕರಲ್ಲಿ, ಪುಟ ಕಟ್ಟುವ ಡಿಟಿಪಿಯವರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ತಂತ್ರಾಂಶ ನಡುವೆಯೇ ಕ್ರ್ಯಾಶ್ ಆದರೆ, ಮತ್ತೆ ತೆರೆದು ಕೆಲಸ ಮುಂದುವರಿಸುವ ಮೊದಲು ಅದರ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಲಿಬ್ರೆಆಫೀಸ್‌ನಲ್ಲಿ ಅದು ಹೆಲ್ಪ್ ಮೆನುವಿನಲ್ಲೇ ಸಿಗುತ್ತದೆ.

ಆ ಸಂಖ್ಯೆ ನೀವೆಣಿಸಿದ್ದಕ್ಕಿಂತ ಹಳೆಯದಿರಬಹುದು. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ. ಅದರಲ್ಲಿದ್ದದ್ದು 2022ರ ಆಗಸ್ಟ್‌ನಲ್ಲಿ ಬಂದ ಲಿಬ್ರೆಆಫೀಸ್ 7.4. ಲಿಬ್ರೆಆಫೀಸ್ ತಂಡ ವರ್ಷಕ್ಕೆ ಎರಡು ಹೊಸ ಸರಣಿ ತರುತ್ತದೆ. ಒಂದೊಂದನ್ನೂ ಹೆಚ್ಚುಕಡಿಮೆ ಒಂಬತ್ತು ತಿಂಗಳು ದುರಸ್ತಿ ಮಾಡಿ ಮುಂದೆ ಸಾಗುತ್ತದೆ. ಇದು ಯಾರ ಸೋಮಾರಿತನವೂ ಅಲ್ಲ. ಡೆಬಿಯನ್‌ನವರು ಸ್ಥಿರ ಬಿಡುಗಡೆಯಲ್ಲಿ ಆವೃತ್ತಿಯನ್ನು ಬೇಕೆಂದೇ ನಿಲ್ಲಿಸಿ, ಭದ್ರತೆಯ ಹಾಗೂ ಗಂಭೀರ ದೋಷಗಳಿಗೆ ಮಾತ್ರ ತೇಪೆ ಹಾಕುತ್ತಾರೆ. ಶಾಲೆಯ ಲ್ಯಾಬಿನಲ್ಲಿ ಬೆಳಗಾಗುವುದರೊಳಗೆ ಮೆನು ಬದಲಾದರೆ ಪಾಠ ಮಾಡುವುದು ಹೇಗೆ? ಆ ನೆಮ್ಮದಿ ನಮಗೆ ಬೇಕು. ಆದರೆ ಯಾವ ದೋಷ ಗಂಭೀರ ಎಂಬುದು, ಅನುಭವಿಸಿದವರು ಹೇಳದೆ ಅವರಿಗೆ ತಿಳಿಯುವುದಿಲ್ಲ.

ಹೇಳುವುದನ್ನೂ ನಾವು ಬಹಳ ಸಲ ತಪ್ಪು ಕಡೆ ಹೇಳುತ್ತೇವೆ. ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ಸ್ಕ್ರೀನ್‌ಸೇವರ್ ತಂತ್ರಾಂಶ ಬರೆದ ಜೇಮೀ ಜವಿನ್‌ಸ್ಕಿ, ತಾವು ಎಂದೋ ಸರಿಪಡಿಸಿದ ದೋಷಗಳ ಬಗ್ಗೆಯೇ ಡೆಬಿಯನ್‌ನ ಹಳೆಯ ಆವೃತ್ತಿ ಬಳಸುವವರಿಂದ ದೂರುಗಳು ಬರುತ್ತಿದ್ದುದರಿಂದ ಬೇಸತ್ತು, ‘ಈ ಆವೃತ್ತಿ ತೀರಾ ಹಳೆಯದು’ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡುವಂತೆ ಮಾಡಿದರು. 2016ರಲ್ಲಿ ಅದು ಡೆಬಿಯನ್ ವಲಯದಲ್ಲಿ ದೊಡ್ಡ ಜಗಳವೇ ಆಯಿತು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯವಿತ್ತು ಎಂದೇ ನನ್ನ ಅಭಿಪ್ರಾಯ. ಪೆಟ್ಟು ತಿಂದವರು ಮಾತ್ರ ನಡುವೆ ನಿಂತ ಬಳಕೆದಾರರು.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ. ಫ್ಲ್ಯಾಟ್‌ಪ್ಯಾಕ್ ಅಥವಾ ಆ್ಯಪ್‌ಇಮೇಜ್ ರೂಪದಲ್ಲಿ ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲೇ ಇಟ್ಟುಕೊಳ್ಳಬಹುದು, ಹಳೆಯದನ್ನು ತೆಗೆಯಬೇಕಿಲ್ಲ. ಕಡತದ ಪ್ರತಿಯೊಂದನ್ನು ಅದರಲ್ಲಿ ತೆರೆದು ನೋಡಿ. ಅಲ್ಲಿಯೂ ಬಿದ್ದರೆ ದೂರು ತಂತ್ರಾಂಶ ಬರೆದವರಿಗೆ ಹೋಗಬೇಕು. ಬೀಳದಿದ್ದರೆ ಮದ್ದು ಆಗಲೇ ತಯಾರಿದೆ ಎಂದು ತಿಳಿಯಿರಿ; ಅದನ್ನು ಹಳೆಯ ಪ್ಯಾಕೇಜಿಗೆ ತನ್ನಿ ಎಂದು ಪ್ಯಾಕೇಜ್ ಮಾಡಿದ ಡೆಬಿಯನ್ ಅಥವಾ ಉಬುಂಟುವಿನವರನ್ನೇ ಕೇಳಬೇಕು. ಡೆಬಿಯನ್‌ನಲ್ಲಿ ‘ರಿಪೋರ್ಟ್‌ಬಗ್’, ಉಬುಂಟುವಿನಲ್ಲಿ ‘ಉಬುಂಟು-ಬಗ್’ ಎಂಬ ಆಜ್ಞೆಗಳಿರುವುದು ಇದಕ್ಕಾಗಿಯೇ. ಡೆಬಿಯನ್‌ಗೆ ದೂರು ಕೊಡಲು ಖಾತೆಯೂ ಬೇಡ, ಇಮೇಲ್ ಸಾಕು. ಯಾವ ಫಾಂಟ್, ಯಾವ ಗುಂಡಿ ಒತ್ತಿದಿರಿ, ಪ್ರತಿ ಸಲವೂ ಬೀಳುತ್ತದೆಯೇ ಎಂಬುದನ್ನು ಕ್ರಮವಾಗಿ ಬರೆಯಿರಿ. ಬ್ಯಾಕ್‌ಟ್ರೇಸ್ (ಕ್ರ್ಯಾಶ್ ಆದಾಗ ತಂತ್ರಾಂಶ ಯಾವ ಹಂತದಲ್ಲಿತ್ತೆಂದು ತೋರಿಸುವ ಪಟ್ಟಿ) ತೆಗೆಯಲು ಗೊತ್ತಿದ್ದರೆ ಸೇರಿಸಿ. ಕೋರ್ ಡಂಪ್ ಕಡತವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕ್ರ್ಯಾಶ್ ಆದ ಕ್ಷಣದಲ್ಲಿ ಮೆಮೊರಿಯಲ್ಲಿದ್ದದ್ದು, ಮಕ್ಕಳ ಅಂಕಪಟ್ಟಿಯೇ ಆಗಿದ್ದರೂ, ಅದರೊಳಗಿರಬಹುದು.

ಕನ್ನಡದಲ್ಲಿ ಕೆಲಸ ಮಾಡುವವರು ಸುಮ್ಮನಿದ್ದರೆ ನಷ್ಟ ಇನ್ನೂ ಹೆಚ್ಚು. 2018ರಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರ ಐಫೋನಿನ ಆ್ಯಪ್‌ಗಳನ್ನೇ ಕೆಡವಿತ್ತು. ಐಫೋನಿನದು ಉಬುಂಟು, ಡೆಬಿಯನ್‌ನಂತೆ ಮುಕ್ತ ತಂತ್ರಾಂಶವಲ್ಲ, ನಿಜ. ಆದರೂ ನಮ್ಮ ಲಿಪಿಗಳ ಒತ್ತಕ್ಷರಗಳನ್ನು ದಿನವೂ ಕುಟ್ಟುವವರ ಕಣ್ಣಿಗೆ ಬೀಳುವ ದೋಷ ಬೇರೆಯವರ ಪರೀಕ್ಷೆಗೆ ಸಿಗದೆ ಹೋಗಬಹುದು ಎಂಬುದಕ್ಕೆ ಅದು ಸಾಕ್ಷಿ.

ದೂರು ಕೊಟ್ಟ ಮೇಲೆ ದಯವಿಟ್ಟು ಕಣ್ಮರೆಯಾಗಬೇಡಿ. ಉಬುಂಟುವಿನಲ್ಲಿ ಸರಿಪಡಿಸಿದ ಪ್ಯಾಕೇಜ್ ನೇರವಾಗಿ ಎಲ್ಲರಿಗೂ ಹೋಗುವುದಿಲ್ಲ. ಮೊದಲು ‘ಪ್ರಪೋಸ್ಡ್’ ಎಂಬ ವಿಭಾಗದಲ್ಲಿ ಕನಿಷ್ಠ ಏಳು ದಿನ ಇರುತ್ತದೆ. ಯಾರಾದರೂ ಪರೀಕ್ಷಿಸಿ ಸರಿಯಾಗಿದೆ ಎಂದು ಬರೆದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಆ ಕೆಲಸಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ನಿಮ್ಮ ದೂರಿನ ಮೇಲೆ ಪರೀಕ್ಷೆಗೆ ಕರೆ ಬಂದಾಗ, ಆ ಒಂದು ಪ್ಯಾಕೇಜನ್ನಷ್ಟೇ ಹಾಕಿ, ಅದೇ ಕಡತವನ್ನು ತೆರೆದು, ಕಂಡದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ.