ನಕಾಶೆಯಲ್ಲಿ ಪಾರ್ಕಿಂಗ್, ಸೆಲ್ಲಾರಿನಲ್ಲಿ ದುಕಾನು!

ರಾಯಚೂರಿನ ತೀನ್ ಕಂದೀಲ್, ಪಟೇಲ್ ರಸ್ತೆ, ಮಹಾವೀರ ವೃತ್ತದ ಕಡೆ ಸಂಜೆ ಹೊತ್ತು ಸಾಮಾನಿಗೆ ಹೋದವರಿಗೆ ಈ ಮಾತು ಹೊಸದಾಗಿ ಹೇಳಬೇಕಾಗಿಲ್ಲ. ಗಾಡಿ ಇದ್ದವರಿಗೆ ನಿಲ್ಲಿಸಲು ಜಾಗ ಇಲ್ಲ, ಗಾಡಿ ಇಲ್ಲದವರಿಗೆ ನಡೆಯಲು ಜಾಗ ಇಲ್ಲ. ಅಂಗಡಿಯ ಮೆಟ್ಟಿಲಿಗೆ ತಾಗಿ ಒಂದು ಸಾಲು ಬೈಕು, ಅದರ ಬೆನ್ನಿಗೆ ಇನ್ನೊಂದು ಸಾಲು, ಆಚೆಗೆ ಹಣ್ಣಿನ ತಳ್ಳುಗಾಡಿ. ಉಳಿದ ನಡುದಾರಿಯಲ್ಲಿ ಆಟೋ, ಟಂಟಂ, ದನ, ಕೂಸು ಎತ್ತಿಕೊಂಡ ತಾಯಂದಿರು. "ಗಾಡಿ ಎಲ್ಲಿ ಹಚ್ಚೂದ್ರಿ?" ಎಂದು ಗಿರಾಕಿ ಕೇಳಿದರೆ ಅಂಗಡಿಯವರು ಕೈ ತೋರಿಸುವುದು ಮತ್ತೆ ರಸ್ತೆಯ ಕಡೆಗೇ. ಅವರಾದರೂ ಇನ್ನೆಲ್ಲಿ ತೋರಿಸ್ಯಾರು?

ಊರು ಬೆಳೆಯಿತು, ಗಾಡಿ ಹೆಚ್ಚಾದವು, ಏನು ಮಾಡ್ಲಿಕ್ಕೆ ಬರ್ತದ ಎಂದು ಕೈ ತೊಳೆದುಕೊಳ್ಳುವವರುಂಟು. ಇದು ಅರ್ಧ ಸತ್ಯ. ಇನ್ನರ್ಧ ಕಟ್ಟಡಗಳ ನಕಾಶೆಯಲ್ಲಿ ಮಡಿಚಿಕೊಂಡು ಕೂತಿದೆ.

ವಾಣಿಜ್ಯ ಕಟ್ಟಡ ಕಟ್ಟುವವರು ತಮ್ಮ ಗಿರಾಕಿಗಳ ಗಾಡಿಗೆ ತಮ್ಮದೇ ಜಾಗದಲ್ಲಿ ನೆಲೆ ಕೊಡಬೇಕು ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರಡಿ ಊರಿಗೊಂದು ಮಹಾಯೋಜನೆ, ಯೋಜನೆಗೊಂದು ವಲಯ ನಿಯಮ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಷ್ಟು ಅಂತಸ್ತು, ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಗಾಡಿಗೆ ನೆಲೆ ಬೇಕು, ಎಲ್ಲ ಅದರಲ್ಲಿದೆ. ಈ ಲೆಕ್ಕ ತೋರಿಸದೆ ದೊಡ್ಡ ಕಟ್ಟಡದ ನಕಾಶೆಗೆ ಮಂಜೂರಾತಿ ಸಿಗುವುದಿಲ್ಲ. ಆದ್ದರಿಂದಲೇ ನಕಾಶೆಯಲ್ಲಿ ಸೆಲ್ಲಾರ್ ಇರುತ್ತದೆ, ಸೆಲ್ಲಾರಿನಲ್ಲಿ ಕಾರಿನ ಚೌಕಗಳು ಸಾಲಾಗಿ ಬರೆದಿರುತ್ತವೆ. ನೋಡಲಿಕ್ಕೆ ಬಲು ಚೆಂದ!

ಆಮೇಲಿನ ಕಥೆ ರಾಯಚೂರಿಗೆ ಮಾತ್ರ ಸೇರಿದ್ದಲ್ಲ, ರಾಜ್ಯದ ಊರೂರಿನದು. ಕಟ್ಟಡ ಏಳುತ್ತದೆ. ಆರು ತಿಂಗಳಲ್ಲಿ ಸೆಲ್ಲಾರಿಗೆ ಶಟರ್ ಬೀಳುತ್ತದೆ. ಮೊದಲು "ಸ್ವಲ್ಪ ದಿನ ಸಾಮಾನು ಇಟ್ಟೀವಿ" ಎಂಬ ಗೋದಾಮು, ನಂತರ ಬಟ್ಟೆ ಅಂಗಡಿ, ಇಲ್ಲವೇ ಮೊಬೈಲ್ ರಿಪೇರಿ, ಟ್ಯೂಷನ್ ಕ್ಲಾಸು. ಮಾಲೀಕರಿಗೆ ಮುಂಗಡವೂ ಬಂತು, ತಿಂಗಳ ಬಾಡಿಗೆಯೂ ಬಂತು. ಒಳಗೆ ಇಳಿಯಬೇಕಾದ ಗಾಡಿ ಹೊರಗೆ ಸರ್ಕಾರಿ ರಸ್ತೆಯ ಮೇಲೆ ಪುಕ್ಕಟೆ ನಿಂತಿತು. ಅಂದರೆ ರಸ್ತೆಯ ಬಾಡಿಗೆ ಯಾರ ಕಿಸೆಗೆ ಹೋಯಿತು? ಲೆಕ್ಕ ಹಾಕಲು ಗಣಿತದ ಮೇಷ್ಟ್ರು ಬೇಡ.

ಇದು ಬರೀ ಟ್ರಾಫಿಕ್ ತಂಟೆಯೂ ಅಲ್ಲ. 2024ರ ಜುಲೈ 27ರಂದು ದಿಲ್ಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ಮಳೆ ನೀರು ನುಗ್ಗಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಮೂವರು ಸತ್ತರು. ಆ ನೆಲಮಾಳಿಗೆಗೆ ಅನುಮತಿ ಇದ್ದದ್ದು ಗಾಡಿ ನಿಲ್ಲಿಸಲು, ಸಾಮಾನು ಇಡಲು. ನಡೆಯುತ್ತಿದ್ದದ್ದು ಗ್ರಂಥಾಲಯ. ಗಾಡಿಗೆಂದು ಕಟ್ಟಿದ ನೆಲಮಾಳಿಗೆಯಲ್ಲಿ ಗಾಳಿ ಕಡಿಮೆ, ಹೊರಬರುವ ದಾರಿ ಒಂದೋ ಎರಡೋ. ಅಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳುವವರು, ಕೂಡಿಸುವ ತಂದೆತಾಯಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಸಣ್ಣ ದುಕಾನದಾರನ ಗೋಳು

ಇಷ್ಟು ಹೇಳಿದ ಮೇಲೆ ಎಲ್ಲ ಅಂಗಡಿಕಾರರನ್ನೂ ಒಂದೇ ದಾರಕ್ಕೆ ಪೋಣಿಸಿ ಕಳ್ಳರು ಎನ್ನುವುದು ಅನ್ಯಾಯ. ನಿಯಮದಲ್ಲೇ ಒಂದು ಹುಚ್ಚು ಇದೆ.

ಬೆಂಗಳೂರಿಗೆ 2007ರಲ್ಲಿ ಮಂಜೂರಾದ ಮಹಾಯೋಜನೆಯಲ್ಲಿ ಅಂಗಡಿ ಮಳಿಗೆಗಳ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಎಂದಿದೆ. ಇದೇ ಅಳತೆ ಹಿಡಿದು ಹಳೆ ಬಜಾರಿನ ಒಂದು 30-40 ಸೈಟನ್ನು ನೋಡಿ. ಸೈಟು 1200 ಚದರಡಿ. ಅಂತಸ್ತಿಗೆ 900 ಚದರಡಿಯಂತೆ ಮೂರು ಅಂತಸ್ತು ಎಂದರೆ 2700 ಚದರಡಿ, ಸುಮಾರು 250 ಚದರ ಮೀಟರು. ಐದು ಕಾರಿಗೆ ಜಾಗ ಬೇಕು. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಬರಲು, ಹೋಗಲು, ಹೊರಳಲು ದಾರಿ ಸೇರಿಸಿದರೆ ಅದರ ದುಪ್ಪಟ್ಟು, ಸುಮಾರು 270 ಚದರಡಿ. ಐದು ಕಾರಿಗೆ 1350. ಸೈಟೇ 1200! ಮಗನ ಮದುವೆಗೆ ಮನೆಗಿಂತ ದೊಡ್ಡ ಚಪ್ಪರ ಎಂದಂತಾಯಿತು.

ಇನ್ನು ಸೆಲ್ಲಾರಿಗೆ ಇಳಿಯುವ ಇಳಿಜಾರು. ಎಂಟು ಅಡಿಗೆ ಒಂದು ಅಡಿಯಂತೆ ಇಳಿದರೂ, ಎಂಟು ಅಡಿ ಆಳಕ್ಕೆ 64 ಅಡಿ ಉದ್ದದ ದಾರಿ ಬೇಕು. ಸೈಟಿನ ಉದ್ದ 40 ಅಡಿ. ಹಾಗಾದರೆ ಕಾರು ಇಳಿಯುವುದೆಲ್ಲಿ, ಬಾವಿಗೆ ಇಳಿದ ಹಾಗೆಯೇ? ಆಗದ ಕೆಲಸವನ್ನು ಮಾಡು ಎಂದು ಕಾಗದ ಹೇಳಿದಾಗ, ಮಾಡಿದ್ದೇನೆ ಎಂದು ಕಾಗದದಲ್ಲೇ ತೋರಿಸಿ ಮುಗಿಸುತ್ತಾರೆ. ಎಂಜಿನಿಯರಿಗೂ ಗೊತ್ತು, ಮಾಲೀಕನಿಗೂ ಗೊತ್ತು, ಸಹಿ ಹಾಕುವವರಿಗೂ ಗೊತ್ತು. ಪ್ರಾಮಾಣಿಕನಾಗಿ ಕಟ್ಟುತ್ತೇನೆ ಎಂದವನಿಗೆ ಅನುಮತಿ ಇಲ್ಲ, ಸುಳ್ಳು ಬರೆದವನಿಗೆ ಉಂಟು.

ಮತ್ತೊಂದು ಮಾತು. ರಾಯಚೂರಿನ ಬಜಾರಿಗೆ ಕಾರಿನಲ್ಲಿ ಬರುವವರೆಷ್ಟು, ಬೈಕಿನಲ್ಲಿ ಬರುವವರೆಷ್ಟು? ಒಂದು ಕಾರಿನ ಚೌಕದಲ್ಲಿ ಐದು ಬೈಕು ಸಲೀಸಾಗಿ ನಿಲ್ಲುತ್ತವೆ. ಕಾರು ಲೆಕ್ಕದ ನಿಯಮ ದೊಡ್ಡ ಪಟ್ಟಣದ ಅಂಗಿ. ಇಲ್ಲಿಯವರ ಮೈಗೆ ಅಳತೆ ತೆಗೆದು ಹೊಲಿದದ್ದಲ್ಲ.

ಈ ಊರಿನ ಕೋಟೆ 1294ರದು. ಅದರ ಗೋಡೆಯಲ್ಲಿ 41 ಅಡಿ ಉದ್ದದ ಕಲ್ಲೊಂದಿದೆ, ಅಂಥ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಆ ಗಾಡಿ ಈಗ ಬಂದಿದ್ದರೆ ಬಜಾರು ದಾಟುತ್ತಿತ್ತೋ ಇಲ್ಲವೋ! ರೈಲು ಬಂದದ್ದು 1871ರಲ್ಲಿ, ಅದರ ನಂತರ ಸ್ಟೇಷನ್ ಕಡೆ ಊರು ಬೆಳೆಯಿತು. ಬಜಾರಿನ ಹಳೆ ಓಣಿಗಳು ಎತ್ತಿನ ಬಂಡಿಯ, ಟಾಂಗಾದ ಕಾಲದವು. ಅವಕ್ಕೆ ಒಂದು ಕಾನೂನು, ಹೊಲ ಮುರಿದು ಎದ್ದ ಲಿಂಗಸುಗೂರು ರಸ್ತೆಯ ಅಗಲವಾದ ಜಾಗಕ್ಕೂ ಅದೇ ಕಾನೂನು ಎಂದರೆ ನ್ಯಾಯವೇ?

ಪೆಟ್ಟು ಯಾರಿಗೆ?

ರಸ್ತೆ ಕಟ್ಟಿಕೊಂಡಾಗ ಮೊದಲು ಎದ್ದು ಹೋಗಬೇಕಾದವನು ತಳ್ಳುಗಾಡಿಯವನು. ಸೆಲ್ಲಾರಿನ ಶಟರ್ ಎತ್ತಿಸಲು ಯಾರೂ ಬರುವುದಿಲ್ಲ, ಬಾಳೆಹಣ್ಣಿನ ಗಾಡಿ ಎತ್ತಿಸಲು ಜೀಪು ಬರುತ್ತದೆ. 2014ರಲ್ಲಿ ಕೇಂದ್ರ ಸರ್ಕಾರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ತಂದಿದೆ. ಸಮೀಕ್ಷೆ ಮುಗಿದು ಗುರುತಿನ ಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆ ಕಾಯ್ದೆ ಬಡವನ ಕಿಸೆಯಲ್ಲಿಲ್ಲ, ಕಚೇರಿಯ ಕಪಾಟಿನಲ್ಲಿದೆ.

ಎರಡನೆಯ ಪೆಟ್ಟು ಬಸ್ಸಿನವರಿಗೆ. ದೇವದುರ್ಗದಿಂದ ಗಬ್ಬೂರು ಮೇಲೆ, ಮಾನ್ವಿಯಿಂದ ನೀರಮಾನ್ವಿ ಮೇಲೆ ದಿನಾ ಬಸ್ಸು ಹಿಡಿದು ರಾಯಚೂರಿಗೆ ಬರುವವರು ಒಂದಿಂಚು ಪಾರ್ಕಿಂಗನ್ನೂ ಕೇಳುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಕಾಣುತ್ತಾರೆ. ಬಟ್ಟೆ, ಬಂಗಾರ, ಪಾತ್ರೆ ಅಂಗಡಿಗಳಿಗೆ ಇವರೇ ಗಿರಾಕಿಗಳು. ಐವತ್ತು ಜನರನ್ನು ಹೊತ್ತ ಬಸ್ಸು ಎರಡು ಮೂರು ಕಾರಿನಷ್ಟು ಜಾಗ ತಿನ್ನುತ್ತದೆ, ಅಷ್ಟೇ. ಆ ಬಸ್ಸು ವೃತ್ತದಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದು ಯಾರೋ ಒಬ್ಬರು ಅಡ್ಡ ಬಿಟ್ಟು ಹೋದ ಒಂದು ಕಾರಿನಿಂದ. ಇಳಿದವರು ಫುಟ್‌ಪಾತ್ ಮೇಲೆ ನಡೆಯೋಣವೆಂದರೆ ಅಲ್ಲಿ ಬೈಕಿನ ಸಾಲು. ಪಾರ್ಕಿಂಗ್ ಜಾಗದ ಚರ್ಚೆ ಎದ್ದಾಗಲೆಲ್ಲ ಗಾಡಿಯವರ ಮಾತೇ ಕೇಳಿಬರುತ್ತದೆ. ನಡೆಯುವವರಿಗೆ ಬಾಯಿಲ್ಲವೇ?

ಹೊರದೇಶದ ಕಡೆ ಸ್ವಲ್ಪ ನೋಡಿದರೆ ತಪ್ಪಿಲ್ಲ. ಅಂಗಡಿ ಕಟ್ಟಿದವನು ಇಂತಿಷ್ಟು ಕಾರಿನ ಜಾಗ ಬಿಡಲೇಬೇಕು ಎಂಬ ನಿಯಮ ಅಮೆರಿಕದಲ್ಲಿ ಹುಟ್ಟಿ ಬೆಳೆದದ್ದು. ಅಲ್ಲಿ ಅದು ಅತಿಯಾಗಿ, ಊರ ನಡುವೆಲ್ಲ ಕಾರಿನ ಬಯಲಾಯಿತು. ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು 2005ರಲ್ಲಿ ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. 2017ರಲ್ಲಿ ಅಮೆರಿಕದ ಬಫಲೋ ಊರು ಈ ಕಡ್ಡಾಯವನ್ನು ಕೈಬಿಟ್ಟಿತು. ಅದೇ ವರ್ಷ ಮೆಕ್ಸಿಕೋ ಸಿಟಿ "ಇಷ್ಟಾದರೂ ಬೇಕು" ಎಂಬುದನ್ನು ತೆಗೆದು "ಇದಕ್ಕಿಂತ ಹೆಚ್ಚು ಬೇಡ" ಎಂದು ಬರೆಯಿತು. ಜಪಾನಿನವರ ದಾರಿ ಬೇರೆ. ಕಾರು ನಿಲ್ಲಿಸಲು ಜಾಗ ತೋರಿಸದವರಿಗೆ ಕಾರಿನ ನೋಂದಣಿ ಇಲ್ಲ ಎಂದು 1962ರಲ್ಲೇ ಕಾನೂನು ಮಾಡಿದರು.

ಕ್ಯಾಲಿಫೋರ್ನಿಯಾದ ಪಾಸಡೀನಾ ಎಂಬ ಊರಿನ ಹಳೆ ಬಜಾರಿನ ಸಂಗತಿ ಇಲ್ಲಿಯ ವರ್ತಕರು ಕೇಳಬೇಕಾದದ್ದು. 1993ರಲ್ಲಿ ಅಲ್ಲಿ ರಸ್ತೆ ಬದಿ ಗಾಡಿ ನಿಲ್ಲಿಸುವುದಕ್ಕೆ ಶುಲ್ಕ ಹಾಕಿದರು. ವರ್ತಕರು ಮೊದಲು ಬೇಡ ಎಂದರು, ಗಿರಾಕಿ ಓಡಿ ಹೋಗ್ತಾನೆ ಎಂದು ಅಂಜಿದರು. ಬಂದ ಹಣವೆಲ್ಲ ಅದೇ ಬೀದಿಯ ಫುಟ್‌ಪಾತಿಗೆ, ದೀಪಕ್ಕೆ, ಸ್ವಚ್ಛತೆಗೆ ಎಂದ ಮೇಲೆ ಒಪ್ಪಿದರು. ಪಾಳು ಬಿದ್ದಿದ್ದ ಬಜಾರು ಮತ್ತೆ ಎದ್ದಿತು. ಇಲ್ಲಿ ವಸೂಲಿ ಮಾಡಿದ ಹಣ ಯಾವ ಖಾತೆಗೆ ಹೋಗುತ್ತದೆ ಎಂದು ತಿಳಿಯದಿದ್ದರೆ ಯಾವ ವರ್ತಕ ತಾನೇ ಒಪ್ಪಿಯಾನು?

ಆದರೆ ಪರದೇಶದ ಮಾತು ಹೇಳಿ ಇಲ್ಲಿಯ ದೊಡ್ಡ ಕಟ್ಟಡದವರು ನುಣುಚಿಕೊಳ್ಳುವುದು ಬೇಡ. ಅಲ್ಲಿ ಜಾಗ ಅತಿಯಾಗಿತ್ತು, ಕಡಿಮೆ ಮಾಡಿದರು. ಇಲ್ಲಿ ಬರೆದದ್ದು ಕೂಡ ಕಟ್ಟಿಲ್ಲ.

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆ ರಾಯಚೂರು ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ಬೋರ್ಡು ಬದಲಾದರೆ ಸಾಲದು. ಪಾಲಿಕೆಯೂ ನಗರಾಭಿವೃದ್ಧಿ ಪ್ರಾಧಿಕಾರವೂ ಕೂತು ಊರನ್ನು ಎರಡು ಭಾಗ ಮಾಡಿ ನೋಡಬೇಕು. ಹಳೆ ಬಜಾರಿನ ಸಣ್ಣ ಸೈಟುಗಳಿಗೆ ಆಗದ ಸೆಲ್ಲಾರಿನ ಷರತ್ತು ತೆಗೆದುಹಾಕಿ, ಬದಲಿಗೆ ಅಳತೆಗೆ ತಕ್ಕ ಹಣ ಕಟ್ಟಿಸಿಕೊಳ್ಳಲಿ. ಆ ಹಣಕ್ಕೆ ಬೇರೆ ಖಾತೆ ಇರಲಿ, ಅದರಿಂದ ಬಜಾರಿಗೆ ನಡೆದು ಹೋಗುವಷ್ಟು ದೂರದಲ್ಲಿ ಬೈಕುಗಳಿಗೆ ಮೊದಲು, ಕಾರುಗಳಿಗೆ ಆಮೇಲೆ, ಒಂದು ಸಾಮೂಹಿಕ ನಿಲ್ದಾಣ ಆಗಲಿ. ಅಗಲ ರಸ್ತೆಯ ಶೋರೂಮು, ಲಾಡ್ಜು, ಕಲ್ಯಾಣ ಮಂಟಪ, ನರ್ಸಿಂಗ್ ಹೋಮುಗಳಿಗೆ ಮಾತ್ರ ಒಂದು ಚೌಕವನ್ನೂ ಬಿಡಬಾರದು. ಸೆಲ್ಲಾರಿನ ಶಟರ್ ಎತ್ತಿಸಿ, ಕಾರು ಇಳಿಸಿ ನೋಡಿಯೇ ಪ್ರತಿ ವರ್ಷ ಟ್ರೇಡ್ ಲೈಸೆನ್ಸ್ ನವೀಕರಿಸಲಿ.

ಇದಕ್ಕೆ ಹೊಸ ಅಧಿಕಾರ ಬೇಕಿಲ್ಲ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೈಗೆ ಬೆತ್ತ ಕೊಟ್ಟಿದೆ. ಒ.ಸಿ. ಎಂದು ಕರೆಯುವ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬೇಡಿ ಎಂದಿದೆ. ಮನೆ ಕಟ್ಟಿದ ಬಡವನಿಗೆ ಈ ತೀರ್ಪಿನ ಬಿಸಿ ಮೊದಲು ತಾಗಿತು, ಸೆಲ್ಲಾರ್ ಬಾಡಿಗೆಯವರಿಗೆ ಯಾವಾಗ ತಾಗುವುದೋ ನೋಡಬೇಕು. ಅಕ್ರಮ ಸಕ್ರಮವಾದೀತು ಎಂದು ಕಾಯುವವರೂ ಇದ್ದಾರೆ. 2014ರ ಆ ನಿಯಮ ಬಂದದ್ದು 2013ರ ಅಕ್ಟೋಬರ್ 19ರ ಮುಂಚಿನ ಕಟ್ಟಡಗಳಿಗೆ. ವಾಣಿಜ್ಯ ಕಟ್ಟಡಕ್ಕೆ ಶೇಕಡಾ 25ರವರೆಗಿನ ಉಲ್ಲಂಘನೆಗೆ ಮಾತ್ರ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಮಾನ್ವಿ, ದೇವದುರ್ಗದವರು ಇದನ್ನು ರಾಯಚೂರಿನ ರಗಳೆ ಎಂದು ಓದಿ ಬಿಡಬಾರದು. ಎರಡೂ ಪುರಸಭೆಯ ಊರು. ಕಾಲುವೆ ನೀರು ಬಂದು ಭತ್ತ, ಹತ್ತಿಯ ದುಡ್ಡು ಓಡಾಡುವ ಊರು. ಮುಖ್ಯ ರಸ್ತೆಯ ಎರಡೂ ಬದಿ ಹೊಲಗಳು ಎನ್.ಎ. ಆಗಿ ಮಳಿಗೆಗಳು ಏಳುತ್ತಿವೆ. ಹತ್ತಿ ಬರುವ ಕಾಲಕ್ಕೆ ಟ್ರ್ಯಾಕ್ಟರು, ಲಾರಿಗಳ ಸಾಲು ಬೇರೆ. ಅಲ್ಲಿಯ ಅಂಗಡಿ ಕಟ್ಟೆ ಇಂದು ರಸ್ತೆಗೆ ಹತ್ತಿದರೆ ನಾಳೆ ಅದನ್ನು ಒಡೆಯಲು ಯಾವ ಪುರಪಿತೃವಿಗೂ ಧೈರ್ಯ ಬಾರದು. ಇನ್ನೂ ಜಾಗ ಇರುವಾಗಲೇ ಮುಂದಿನ ಅಷ್ಟು ಅಡಿ ಬಿಡಿಸಿ, ಅದರಲ್ಲಿ ಟ್ರ್ಯಾಕ್ಟರಿಗೂ ಬಸ್ಸಿಗೂ ನೆಲೆ ಗುರುತಿಸುವುದು ಪುಕ್ಕಟೆಯ ಕೆಲಸ. ಹತ್ತು ವರ್ಷ ಬಿಟ್ಟು ಮಾಡಹೊರಟರೆ ಭೂಸ್ವಾಧೀನ, ಪರಿಹಾರ, ಕೋರ್ಟು.

ತಮ್ಮ ಅಂಗಡಿ ಇರುವ ಕಟ್ಟಡದಲ್ಲಿ ಗಾಡಿಗೆ ಎಷ್ಟು ಜಾಗ ಬರೆದಿದೆ ಎಂದು ಬಾಡಿಗೆದಾರರಿಗೂ ತಿಳಿದಿರುವುದು ಅಪರೂಪ. ಮಂಜೂರಾದ ನಕಾಶೆ ಗುಟ್ಟಿನ ಕಾಗದವೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ನಕಲು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ವರ್ತಕರ ಸಂಘದವರು ಒಂದೊಂದು ಬೀದಿಗೆ ಒಂದೊಂದು ಅರ್ಜಿ ಹಾಕಿದರೆ ಸಾಕು, ಯಾವ ಸೆಲ್ಲಾರಿನಲ್ಲಿ ಎಷ್ಟು ಕಾರು "ನಿಂತಿವೆ" ಎಂದು ಎಣಿಸಬಹುದು.