ನೀರು ಹಾಕಿ ಕತ್ತರಿಸಿದ್ರೆ ಟೈಲ್ಸೂ ಉಳಿಯುತ್ತೆ, ಉಸಿರೂ ಉಳಿಯುತ್ತೆ

ಬಾತ್‌ರೂಮ್ ಹೊಸದು ಮಾಡಿಸೋರು ಟೈಲ್ಸ್ ಆರಿಸೋಕೆ ನಾಲ್ಕು ಶೋರೂಮ್ ಸುತ್ತುತ್ತಾರೆ. ಡಿಸೈನ್, ಸೈಜು, ಗ್ರೌಟ್ ಬಣ್ಣ ಎಲ್ಲದರ ಬಗ್ಗೆಯೂ ಮನೆಯಲ್ಲಿ ಚರ್ಚೆ ಆಗುತ್ತೆ. ಆದರೆ ಆ ಟೈಲ್ಸನ್ನು ಯಾವ ಮಷಿನ್‌ನಲ್ಲಿ ಕತ್ತರಿಸ್ತಾರೆ ಅಂತ ಯಾರೂ ಕೇಳಲ್ಲ. ಕೆಲಸ ಶುರುವಾದ ದಿನ ಬಾಲ್ಕನಿಯಲ್ಲಿ ಕಿವಿ ತೂತಾಗುವ ಸದ್ದು, ಸೋಫಾದಿಂದ ದೇವರ ಮನೆವರೆಗೂ ಬಿಳಿ ಧೂಳು!

ಆ ಧೂಳು ಬರೀ ಗುಡಿಸಿ ಬಿಸಾಡುವ ಕಸ ಅಲ್ಲ. ಟೈಲ್ಸ್‌ನಲ್ಲಿ ಸಿಲಿಕಾ ಇರುತ್ತೆ. ಒಣಗಿದ್ದಾಗ ಕತ್ತರಿಸಿದ್ರೆ ಅದರ ಸಣ್ಣ ಕಣಗಳು ಶ್ವಾಸಕೋಶದ ಒಳಗೆ ಹೋಗಿ ಕೂರುತ್ತವೆ. ವರ್ಷಗಟ್ಟಲೆ ಹೀಗೇ ಆದರೆ ಬರುವ ಕಾಯಿಲೆ ಸಿಲಿಕೋಸಿಸ್. ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ನಮ್ಮ ಮನೆಗೆ ಬಂದ ಮೇಸ್ತ್ರಿಗೆ ಇದನ್ನೇ ಹೇಳಿದೆ. "ಹದಿನೈದು ವರ್ಷದಿಂದ ಹಿಂಗೇ ಕಟ್ ಮಾಡ್ತಿದೀನಿ ಅಕ್ಕಾ, ಏನೂ ಆಗಿಲ್ಲ" ಅಂದರು. ಅಷ್ಟು ಹೇಳೋದರೊಳಗೆ ಎರಡು ಸಲ ಕೆಮ್ಮಿದ್ದರು. ನನಗೆ ಮುಂದೆ ವಾದ ಮಾಡಬೇಕು ಅನ್ನಿಸಲಿಲ್ಲ. ವೆಟ್ ಕಟರ್ ಬಾಡಿಗೆಗೆ ತರೋಣ, ದುಡ್ಡು ನಾನು ಕೊಡ್ತೀನಿ ಅಂದೆ.

ಹಾಗಾದರೆ ಯಾವುದು ತರಬೇಕು? ಮೊದಲು ಟೈಲ್ಸ್ ನೋಡಿ. ಗೋಡೆಯ ಮಾಮೂಲಿ ಸೆರಾಮಿಕ್ ಟೈಲ್ಸ್ ಮೃದು. ನೇರ ಕಟಿಂಗ್‌ಗೆ ಗೀರಿ ಮುರಿಯುವ ಮ್ಯಾನುಯಲ್ ಕಟರ್ ಸಾಕು. ಕರೆಂಟೂ ಬೇಡ, ಧೂಳೂ ಕಡಿಮೆ. ವಿಟ್ರಿಫೈಡ್ ಟೈಲ್ಸ್ ಗಟ್ಟಿ. ಅದರಲ್ಲಿ ಎಲ್ ಆಕಾರ, ಸಣ್ಣ ಪಟ್ಟಿ, ಮೂಲೆಗೆ 45 ಡಿಗ್ರಿ ಕಟಿಂಗ್ ಬೇಕಾದಾಗ ವೆಟ್ ಕಟರ್‌ ಬೆಲೆ ಗೊತ್ತಾಗುತ್ತೆ.

ಸಣ್ಣ ಕೆಲಸಕ್ಕೆ 180 ಮಿ.ಮೀ. ಬ್ಲೇಡಿನ ಟೇಬಲ್ ಕಟರ್ ಬರುತ್ತೆ. ಕೆಳಗಿನ ತೊಟ್ಟಿಯ ನೀರನ್ನು ಬ್ಲೇಡೇ ಎತ್ತಿಕೊಳ್ಳುತ್ತೆ, ಟೈಲ್ಸನ್ನು ನಾವು ತಳ್ಳಬೇಕು. ದೊಡ್ಡ ಟೈಲ್ಸ್‌ಗೆ ಬ್ಲೇಡೇ ರೈಲಿನ ಮೇಲೆ ಓಡಾಡುವ ಮಷಿನ್ ಒಳ್ಳೇದು. ಬಾಡಿಗೆಗೆ ತರೋ ಮುಂಚೆ ಅದು ಎಷ್ಟು ಉದ್ದ ಕತ್ತರಿಸುತ್ತೆ ಅಂತ ಕೇಳಿ. 600x600 ಟೈಲ್ಸನ್ನು ಮೂಲೆಯಿಂದ ಮೂಲೆಗೆ ಕತ್ತರಿಸೋಕೆ ಸುಮಾರು 850 ಮಿ.ಮೀ. ಬೇಕು. 1200 ಮಿ.ಮೀ. ಉದ್ದದ ಟೈಲ್ಸ್ ಇದ್ದರೆ ಲೆಕ್ಕ ಇನ್ನೂ ಬೇರೆ.

ಮಷಿನ್‌ಗಿಂತ ಹೆಚ್ಚಾಗಿ ಅಂಚು ಕೆಡಿಸೋದು ಬ್ಲೇಡ್. ಅಂಚಿನಲ್ಲಿ ಸೀಳುಗಳಿರುವ ಬ್ಲೇಡ್ ಕಾಂಕ್ರೀಟ್, ಕಲ್ಲಿಗೆ. ಟೈಲ್ಸ್‌ಗೆ ಸೀಳಿಲ್ಲದ, ತೆಳು ಅಂಚಿನ ಡೈಮಂಡ್ ಬ್ಲೇಡ್ ಬೇಕು. ಬ್ಲೇಡ್ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ಮಷಿನ್‌ನದ್ದಕ್ಕಿಂತ ಕಡಿಮೆ ಇರಬಾರದು. ಕತ್ತರಿಸುವಾಗ ಹೊಳಪಿನ ಮುಖ ಮೇಲಿರಲಿ. ಒತ್ತಿ ತಳ್ಳಬೇಡಿ, ಕೊನೆಯ ಎರಡು ಇಂಚು ಇನ್ನೂ ನಿಧಾನ. ಅಲ್ಲೇ ಮೂಲೆ ಚಕ್ಕೆ ಹಾರೋದು.

ನೀರು, ಕರೆಂಟು ಒಂದೇ ಕಡೆ ಇರೋದರಿಂದ ಇಲ್ಲಿ ಉಡಾಫೆ ಬೇಡವೇ ಬೇಡ. ಮೂರು ಪಿನ್ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ ಇರಲೇಬೇಕು. ಟೆಸ್ಟ್ ಬಟನ್ ಒತ್ತಿ ನೋಡಿ. ವೈರ್ ತುದಿಗಳನ್ನು ಬರಿಗೈಲಿ ಸಾಕೆಟ್‌ಗೆ ಸಿಕ್ಕಿಸಿ ಬೆಂಕಿಕಡ್ಡಿ ಚುಚ್ಚುವ ಪದ್ಧತಿಗೆ ನಿಮ್ಮ ಮನೆಯಲ್ಲಿ ಜಾಗ ಕೊಡಬೇಡಿ. ಕೈಯಲ್ಲಿ ಹಿಡಿಯುವ ಮಾಮೂಲಿ ಕಟರ್ ಮೇಲೆ ಬಾಟಲಿಯಿಂದ ನೀರು ಸುರಿಯೋದೂ ಅಪಾಯ. ನೀರಿಗಂತಲೇ ಮಾಡಿದ ಮಷಿನ್‌ಗೆ ಮಾತ್ರ ನೀರು.

ಕೆಲಸ ಮುಗಿದ ಮೇಲೆ ತೊಟ್ಟಿಯಲ್ಲಿ ಬಿಳಿ ರಾಡಿ ಉಳಿಯುತ್ತೆ. ಬಾತ್‌ರೂಮ್ ಡ್ರೈನ್‌ಗೆ ಸುರಿದರೆ ಪೈಪ್ ಕಟ್ಟುತ್ತೆ. ಬಕೆಟ್‌ನಲ್ಲಿ ತಳ ಕೂರಿಸಿ, ರಾಡಿ ಒಣಗುವ ಮೊದಲೇ ಚೀಲಕ್ಕೆ ತುಂಬಿ ಕಟ್ಟಡದ ಕಸದ ಜೊತೆ ಕಳಿಸಿ. ನೆಲದ ಮೇಲೆ ಒಣಗಲು ಬಿಟ್ಟರೆ ಅದು ಮತ್ತೆ ಧೂಳೇ.

ಒಂದೇ ಬಾತ್‌ರೂಮ್‌ಗೆ ಮಷಿನ್ ಕೊಳ್ಳೋ ಅಗತ್ಯ ಇಲ್ಲ, ಬಾಡಿಗೆ ಸಾಕು. ಕೊಟೇಶನ್ ಕೇಳುವಾಗಲೇ "ಕಟಿಂಗ್ ನೀರಿನಲ್ಲಿ, ಮಾಸ್ಕ್ ಹಾಕಿಕೊಂಡು" ಅಂತ ಸೇರಿಸಿಬಿಡಿ. ನೀರು ಧೂಳನ್ನು ತಗ್ಗಿಸುತ್ತೆ, ಪೂರ್ತಿ ಇಲ್ಲವಾಗಿಸಲ್ಲ. ಹಾಗಾಗಿ ಎನ್95 ಮಾಸ್ಕ್‌ಗಳನ್ನು ನೀವೇ ತಂದಿಡಿ. ಕೆಲಸದವರು ಮುಂದಿನ ವಾರ ಇನ್ನೊಂದು ಮನೆಯಲ್ಲಿ ಇದೇ ಕೆಲಸ ಮಾಡಬೇಕಲ್ಲ.